ಜ್ವರ ಒಂದೇ, ಮೈ ಬೇರೆ: ಸೋಂಕು ರೋಗಗಳು ನಮ್ಮ ಜೀನೋಮಿನಲ್ಲಿ ಬಿಟ್ಟುಹೋದ ಲೆಕ್ಕ

ದಾವಣಗೆರೆ ಸುತ್ತಿನ ಕೆಲವು ಹಳ್ಳಿಗಳಲ್ಲಿ ಹೊರಬೀಡು ಇನ್ನೂ ನಡೆಯುತ್ತದೆ. ಬೆಳಗಾಗುವ ಮುಂಚೆಯೇ ಮನೆಗೆ ಬೀಗ ಹಾಕಿ, ದನಕರು, ಕೋಳಿ, ಪಾತ್ರೆಪಡಗ ಕಟ್ಟಿಕೊಂಡು ಊರಿಗೆ ಊರೇ ಹೊಲ, ತೋಪಿನ ಕಡೆ ಹೊರಡುತ್ತದೆ. ಊರ ದಾರಿಗೆ ಮುಳ್ಳಿನ ಬೇಲಿ ಬೀಳುತ್ತದೆ. ಅಲ್ಲೇ ಒಲೆ, ಅಲ್ಲೇ ಊಟ, ಸಂಜೆ ವಾಪಸ್. ಮಕ್ಕಳಿಗೆ ಅದೊಂದು ಪಿಕ್‌ನಿಕ್. ಆದರೆ ಪ್ಲೇಗು, ಕಾಲರಾ ಬಂದು ಊರು ಖಾಲಿ ಮಾಡಿದ ಕಾಲದ ಭಯ ಅದರ ಬೆನ್ನಿಗಿದೆ.

ಆ ಕಾಲದ ಕಥೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಒಂದೇ ಸೂರು, ಒಂದೇ ಬಾವಿ ನೀರು, ಒಂದೇ ರೊಟ್ಟಿ. ಇಬ್ಬರು ಹೋದರು, ಮೂರನೆಯವರಿಗೆ ಮೈ ಕೂಡ ಬೆಚ್ಚಗಾಗಲಿಲ್ಲ. ‘ಅವರ ಆಯಸ್ಸು ಗಟ್ಟಿ ಇತ್ತು’ ಅಂತ ಹಿರಿಯರು ಮಾತು ಮುಗಿಸುತ್ತಾರೆ. ತಳಿವಿಜ್ಞಾನಿಗಳ ಕೆಲಸ ಶುರುವಾಗುವುದು ಅಲ್ಲಿಂದ.

ಸೋಂಕು ಹೊರಗಿನಿಂದ ಬರುವಂಥದ್ದು, ವಂಶಕ್ಕೂ ಅದಕ್ಕೂ ಏನು ಸಂಬಂಧ ಅಂತ ಅನ್ನಿಸುವುದು ಸಹಜ. ಶುಗರ್, ಬಿಪಿ ಅಂದರೆ ‘ನಿಮ್ಮ ಅಪ್ಪಾಜಿಗೂ ಇತ್ತಾ?’ ಅಂತ ಡಾಕ್ಟರು ಕೇಳುತ್ತಾರೆ. ಟಿಬಿಗೂ ಮನೆಯವರ ಬಗ್ಗೆ ಕೇಳುತ್ತಾರೆ, ಆದರೆ ಅದು ಯಾರಿಂದ ಅಂಟಿತು ಅಂತ ತಿಳಿಯಲು. ಈ ನಂಬಿಕೆಗೆ 1988ರಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ಪೆಟ್ಟು ಕೊಟ್ಟಿತು. ದತ್ತು ಹೋದ ಮಕ್ಕಳ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು. ಹೆತ್ತವರಲ್ಲಿ ಒಬ್ಬರು 50 ವರ್ಷದೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಎಲ್ಲೋ ಬೇರೆ ಮನೆಯಲ್ಲಿ ಬೆಳೆದ ಆ ಮಗು ಕೂಡ ಸೋಂಕಿನಿಂದಲೇ ಸಾಯುವ ಸಂಭವ ಸುಮಾರು 5.8 ಪಟ್ಟು ಜಾಸ್ತಿ ಇತ್ತು. ಕ್ಯಾನ್ಸರಿನ ವಿಷಯದಲ್ಲಿ ಹೆತ್ತವರ ಕಡೆಯಿಂದ ಇಂಥ ಏರಿಕೆ ಕಾಣಲೇ ಇಲ್ಲ. ವಂಶದ್ದು ಅಂದುಕೊಂಡಿದ್ದು ಅಷ್ಟೊಂದು ವಂಶದ್ದಲ್ಲ, ಹೊರಗಿನದು ಅಂದುಕೊಂಡಿದ್ದರಲ್ಲಿ ವಂಶದ ಪಾಲು ದೊಡ್ಡದು.

ಹಾಗಾದರೆ ಆ ಪಾಲು ಜೀನೋಮಿನಲ್ಲಿ, ಅಂದರೆ ಅಪ್ಪ ಅಮ್ಮನಿಂದ ಬಂದ ಡಿಎನ್‌ಎಯ ಪೂರ್ತಿ ಬರಹದಲ್ಲಿ, ಎಲ್ಲಿದೆ? ಇದಕ್ಕೆ ಮಲೇರಿಯಾದಷ್ಟು ಸ್ಪಷ್ಟ ಉತ್ತರ ಕೊಟ್ಟ ರೋಗ ಇನ್ನೊಂದಿಲ್ಲ.

ಈಗ ನಮ್ಮ ಕಡೆ ಮಲೇರಿಯಾ ತುಂಬಾ ಕಮ್ಮಿ. ಆದರೆ ಭದ್ರಾ ಕಾಲುವೆ ನೀರು, ಭತ್ತದ ಗದ್ದೆ, ಸೂಳೆಕೆರೆಯ ಅಂಚು, ಮಾರಿಕಣಿವೆಯ ಕೆಳಗಿನ ತೋಟಗಳನ್ನು ನೋಡಿದವರಿಗೆ ಸೊಳ್ಳೆಗೆ ಎಂಥ ಜಾಗ ಬೇಕು ಅಂತ ಹೇಳಬೇಕಾಗಿಲ್ಲ. ನಮ್ಮ ದೇಶದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಇಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ.

1949ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಂದು ವಿಚಿತ್ರ ಮಾತು ಹೇಳಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಇವರು. ಕೆಲವು ರಕ್ತದ ಕಾಯಿಲೆಗಳು ಮಲೇರಿಯಾ ಇರುವ ನಾಡಿನಲ್ಲೇ ಯಾಕೆ ಜಾಸ್ತಿ? ಆ ಕಾಯಿಲೆಯ ಜೀನ್ ಮಲೇರಿಯಾದಿಂದ ಕಾಯುತ್ತಿರಬಹುದೇ ಅಂತ ಅವರು ಕೇಳಿದರು. 1954ರಲ್ಲಿ ಆಂಥೊನಿ ಆಲಿಸನ್ ಆಫ್ರಿಕಾದಲ್ಲಿ ಸಿಕಲ್ ಸೆಲ್ ಜೀನಿಗೆ ಅದನ್ನು ತೋರಿಸಿಯೇಬಿಟ್ಟರು. ಡಿಎನ್‌ಎ ಬರಹದಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಹಿಮೋಗ್ಲೋಬಿನ್ನಿನ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಎ ಇದ್ದ ಜಾಗಕ್ಕೆ ಟಿ ಬಂದಿರುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಮೈಕೈ ನೋವು, ರಕ್ತಹೀನತೆ, ಬದುಕೇ ಕಷ್ಟ. ಒಬ್ಬರಿಂದ ಮಾತ್ರ ಬಂದರೆ ಆ ಮನುಷ್ಯ ಹೆಚ್ಚುಕಮ್ಮಿ ಆರಾಮಾಗಿರುತ್ತಾನೆ, ಮತ್ತು ಜೀವ ತೆಗೆಯುವ ಮಲೇರಿಯಾದಿಂದ ಬಹುಪಾಲು ಪಾರಾಗುತ್ತಾನೆ. ಹಾಗಾಗಿ ಮಲೇರಿಯಾ ನಾಡಿನಲ್ಲಿ ಆ ಜೀನ್ ಅಳಿಯಲಿಲ್ಲ, ಬೆಳೆಯಿತು. ನಮ್ಮಲ್ಲಿ ಇದು 1952ರಲ್ಲಿ ನೀಲಗಿರಿಯ ಕಡೆ ಮೊದಲು ಕಣ್ಣಿಗೆ ಬಿತ್ತು. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ.

ಇದರ ತಮ್ಮನಂಥ ಇನ್ನೊಂದು ಜೀನ್ ನೇರವಾಗಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಾತ್ರೆ ಕವರಿಗೇ ಬರುತ್ತದೆ. ಅದರ ಹೆಸರು ಜಿ6ಪಿಡಿ. ಕೆಂಪು ರಕ್ತಕಣ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಈ ಜೀನ್ ತಯಾರಿಸುತ್ತದೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕಿಣ್ವ ಕಮ್ಮಿ ಇದೆ. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ, ಯಾಕೆಂದರೆ ಯಾವ ತೊಂದರೆಯೂ ಇರುವುದಿಲ್ಲ. ಕಿಣ್ವ ಕಮ್ಮಿ ಇರುವ ರಕ್ತಕಣದಲ್ಲಿ ಮಲೇರಿಯಾ ಪರಾವಲಂಬಿಗೆ ಸಲೀಸಾಗಿ ಬೆಳೆಯಲು ಆಗುವುದಿಲ್ಲ.

ಆದರೆ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಬಂತು ಅಂದುಕೊಳ್ಳಿ. ಆಶಾ ಕಾರ್ಯಕರ್ತೆ ಬೆರಳಿಗೆ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋಗುತ್ತಾರೆ. ಪಾಸಿಟಿವ್ ಬಂದರೆ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ವೈವ್ಯಾಕ್ಸ್ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಜ್ವರ ತರಿಸುತ್ತದೆ. ಅದನ್ನು ಅಲ್ಲೇ ಕೊಲ್ಲಲು ಪ್ರೈಮಾಕ್ವಿನ್ ಬೇಕು. ಜಿ6ಪಿಡಿ ಕಮ್ಮಿ ಇರುವವರಿಗೆ ಇದೇ ಮಾತ್ರೆ ರಕ್ತಕಣಗಳನ್ನು ಒಡೆಯುತ್ತದೆ. ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಗೆ ಕ್ರೋಮೋಸೋಮ್ ಅನ್ನುತ್ತಾರೆ. ಈ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲೆ ಇರುವುದರಿಂದ, ಒಂದೇ ಎಕ್ಸ್ ಇರುವ ಗಂಡಸರಿಗೆ ತೊಂದರೆ ಜಾಸ್ತಿ. ಎಂದೋ ಮಲೇರಿಯಾದಿಂದ ಕಾಪಾಡಿದ ಜೀನ್ ಈಗ ಮಲೇರಿಯಾದ ಔಷಧಿಗೇ ಅಡ್ಡ ಬರುತ್ತದೆ.

ಸಿಕಲ್ ಸೆಲ್ ಆಗಲಿ ಜಿ6ಪಿಡಿ ಆಗಲಿ ಸಿಕ್ಕಿದ್ದು ರೋಗಿಗಳನ್ನು ನೋಡಿ. ಮೊದಲು ಕಾಯಿಲೆ ಕಂಡಿತು, ಆಮೇಲೆ ಜೀನ್ ಸಿಕ್ಕಿತು. ಆದರೆ ನಮ್ಮ ಜೀನೋಮ್ ಅಂದರೆ ಸುಮಾರು 300 ಕೋಟಿ ಅಕ್ಷರ. ಇಬ್ಬರು ಮನುಷ್ಯರ ನಡುವೆ ಸಾವಿರಕ್ಕೆ ಒಂದರಂತೆ ವ್ಯತ್ಯಾಸ ಸಿಗುತ್ತದೆ. ಅಷ್ಟು ವ್ಯತ್ಯಾಸಗಳಲ್ಲಿ ಯಾವುದು ಸುಮ್ನೆ ಬಂದದ್ದು, ಯಾವುದನ್ನು ರೋಗವೊಂದು ಆರಿಸಿ ಬೆಳೆಸಿದ್ದು? ಇದನ್ನು ರೋಗಿಯನ್ನೇ ನೋಡದೆ ಹೇಳಬಹುದು ಅಂತ ತೋರಿಸಿದವರಲ್ಲಿ ಮುಖ್ಯ ಹೆಸರು ಪಾರ್ದಿಸ್ ಸಬೇಟಿ. ಇರಾನಿನ ಟೆಹ್ರಾನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದ ತಳಿವಿಜ್ಞಾನಿ. 2002ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು.

ವಿಧಾನ ಹೀಗಿದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ನಮ್ಮ ಕ್ರೋಮೋಸೋಮುಗಳು ಜೋಡಿಯಾಗಿರುತ್ತವೆ. ನಾವು ಮಕ್ಕಳಿಗೆ ಕೊಡುವಾಗ ಆ ಜೋಡಿ ಪರಸ್ಪರ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಒಂದಾಗಿ ಹೋಗುತ್ತದೆ. ಪ್ರತಿ ತಲೆಮಾರಿನಲ್ಲೂ ಇದು ನಡೆಯುತ್ತದೆ. ಒಂದು ಹೊಸ ಮ್ಯುಟೇಷನ್, ಅಂದರೆ ಅಕ್ಷರದ ಬದಲಾವಣೆ, ಹುಟ್ಟಿದಾಗ ಅದರ ಅಕ್ಕಪಕ್ಕ ಯಾವ ಅಕ್ಷರಗಳಿದ್ದವೋ ಅವು ಮೊದಮೊದಲು ಅದರ ಜೊತೆಗೇ ಸಾಗುತ್ತವೆ. ತಲೆಮಾರು ಕಳೆದಂತೆ ದೂರದ ನೆರೆಯವರು ಮೊದಲು ಕಳಚಿಕೊಳ್ಳುತ್ತಾರೆ, ಆಮೇಲೆ ಹತ್ತಿರದವರು.

ದಾವಣಗೆರೆಯ ದುಗ್ಗಮ್ಮನ ಜಾತ್ರೆ ನೆನೆಸಿಕೊಳ್ಳಿ. ಒಂದು ಹಳ್ಳಿಯವರು ಗುಂಪಾಗಿ ಬಂದು ಇಳಿಯುತ್ತಾರೆ. ಹೊತ್ತು ಕಳೆದಂತೆ ಒಬ್ಬರು ಬಳೆ ಅಂಗಡಿಗೆ, ಒಬ್ಬರು ತೊಟ್ಟಿಲಿಗೆ, ಒಬ್ಬರು ಮಂಡಕ್ಕಿ ಮಿರ್ಚಿಗೆ. ಗುಂಪು ಚದುರುತ್ತದೆ. ಹಾಗಾಗಿ ಗುಂಪು ಚದುರದೆ ಇದ್ದರೆ ಅವರು ಈಗಷ್ಟೇ ಬಂದವರು ಅಂತ ಲೆಕ್ಕ. ಈಗಷ್ಟೇ ಬಂದವರು ಸಾಮಾನ್ಯವಾಗಿ ಕಮ್ಮಿ ಇರಬೇಕು. ಆದರೆ ಎಲ್ಲಿ ನೋಡಿದರೂ ಒಂದೇ ಹಳ್ಳಿಯವರು, ಅದೂ ಗುಂಪು ಗುಂಪಾಗಿಯೇ ಕಂಡರೆ? ಯಾರೋ ಲಾರಿಗಟ್ಟಲೆ ತಂದು ಇಳಿಸಿದ್ದಾರೆ ಅಂತ ಅರ್ಥ ಅಲ್ವಾ? ಜೀನೋಮಿನಲ್ಲೂ ಸಬೇಟಿ ಹುಡುಕಿದ್ದು ಇದನ್ನೇ. ಒಂದು ಮ್ಯುಟೇಷನ್ ತುಂಬಾ ಜನರಲ್ಲಿ ಇರಬೇಕು, ಆದರೂ ಅದರ ಸುತ್ತಲಿನ ಅಕ್ಷರಗಳ ಸಾಲು ಉದ್ದಕ್ಕೂ ಮುರಿಯದೆ ಇರಬೇಕು. ಈ ಎರಡೂ ಒಟ್ಟಿಗೆ ಸಿಕ್ಕರೆ ಅದು ತೀರಾ ಬೇಗ ಹರಡಿದೆ. ಇರುವವರು ಬದುಕಿದರು, ಇಲ್ಲದವರು ಮಕ್ಕಳಾಗುವ ಮುಂಚೆ ಸತ್ತರು. ಲಾರಿ ಅಂದರೆ ಇದೇ.

2002ರಲ್ಲಿ ಅವರು ಈ ಪರೀಕ್ಷೆಗೆ ಒಡ್ಡಿದ ಎರಡು ಜೀನುಗಳಲ್ಲಿ ಒಂದು ಜಿ6ಪಿಡಿ. ಆಫ್ರಿಕಾದ ಜನರಲ್ಲಿ ಅದರ ಸುತ್ತಲಿನ ಸಾಲು ನಿರೀಕ್ಷೆಗಿಂತ ಬಹಳ ಉದ್ದಕ್ಕೆ ಮುರಿಯದೆ ಉಳಿದಿತ್ತು. ಅಂದರೆ ಮಲೇರಿಯಾ ಅದನ್ನು ಮೇಲೆತ್ತಿದ್ದು ಕೆಲವೇ ಸಾವಿರ ವರ್ಷಗಳ ಹಿಂದೆ. ಮನುಷ್ಯರ ಇತಿಹಾಸದಲ್ಲಿ ಇದು ನಿನ್ನೆ ಮೊನ್ನೆಯ ಮಾತು.

2007ರಲ್ಲಿ ಇಡೀ ಜೀನೋಮನ್ನು ಜಾಲಾಡಿದಾಗ ನೈಜೀರಿಯಾದ ಯೊರುಬಾ ಜನರಲ್ಲಿ ಲಾರ್ಜ್ ಎಂಬ ಜೀನಿನ ಸುತ್ತ ಇಂಥದೇ ಉದ್ದ ಸಾಲು ಸಿಕ್ಕಿತು. ಪಶ್ಚಿಮ ಆಫ್ರಿಕಾದಲ್ಲಿ ಕಾಣುವ ಲಾಸ್ಸಾ ಜ್ವರದ ವೈರಸ್ ಜೀವಕೋಶದ ಒಳಗೆ ಹೋಗಲು ಈ ಜೀನಿನ ಕೆಲಸವನ್ನೇ ನೆಚ್ಚಿಕೊಂಡಿದೆ. ಲಾಸ್ಸಾ ವೈರಸ್ ಪತ್ತೆಯಾಗಿದ್ದು 1969ರಲ್ಲಿ. ಎಲ್ಲರೂ ಹೊಸ ರೋಗ ಅಂದರು. ಆದರೆ ಜನರ ಜೀನೋಮಿನಲ್ಲಿ ಆಗಲೇ ಅದರ ಗಾಯದ ಗುರುತು ಇದ್ದರೆ ಅದು ಹೊಸದು ಹೇಗಾದೀತು? ರೋಗ ಹಳೆಯದೇ ಇರಬಹುದು, ನಮಗೆ ಕಂಡದ್ದು ಮಾತ್ರ ಹೊಸದಾಗಿ. ಪಕ್ಕದ ಶಿವಮೊಗ್ಗದಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಈ ವಿಧಾನವನ್ನು ಹಾಗೇ ತಂದು ಚಿತ್ರದುರ್ಗ, ದಾವಣಗೆರೆಯ ಜನರ ಮೇಲೆ ಇಟ್ಟರೆ ಮಾತ್ರ ಎಡವುತ್ತದೆ. ಕಾರಣ ನಮ್ಮ ಮದುವೆಗಳು. ನಾವು ನೂರಾರು, ಎಷ್ಟೋ ಕಡೆ ಸಾವಿರಾರು ವರ್ಷಗಳಿಂದ ನಮ್ಮ ನಮ್ಮ ಜಾತಿಯೊಳಗೇ ಹೆಣ್ಣು ಗಂಡು ನೋಡಿದವರು. ಮೇಲಿನಿಂದ ಸೋದರಮಾವ, ಅತ್ತೆ ಮಗಳು ಅಂತ ಹತ್ತಿರದ ಸಂಬಂಧ. ಕರ್ನಾಟಕದಲ್ಲಿ ಇಂದಿಗೂ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ನಡೆಯುತ್ತದೆ. ಸೋದರಮಾವನನ್ನು ಮದುವೆಯಾದರೆ ಮಗುವಿನ ಜೀನೋಮಿನ ಸುಮಾರು ಎಂಟನೇ ಒಂದು ಭಾಗದಲ್ಲಿ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುತ್ತವೆ.

ಒಂದು ಸಮುದಾಯ ಯಾವ ಕಾಲದಲ್ಲೋ ಕೆಲವೇ ಕುಟುಂಬಗಳಿಂದ ಬೆಳೆದು, ಆಮೇಲೆ ಹೊರಗಿನವರೊಂದಿಗೆ ಬೆರೆಯದೆ ಲಕ್ಷಾಂತರ ಜನರಾದರೆ, ಆ ಕೆಲವೇ ಪೂರ್ವಜರ ಜೀನುಗಳು ಎಲ್ಲರಲ್ಲೂ ಸಿಗುತ್ತವೆ, ಉದ್ದ ಸಾಲುಗಳ ಸಮೇತ. ಅಲ್ಲಿ ಲಾರಿಯೇ ಬಂದಿಲ್ಲ. ಜಾತ್ರೆ ಮಾಡಿದ್ದೇ ಎರಡು ಮೂರು ಮನೆಯವರು. ರೋಗ ಬೆಳೆಸಿದ ಜೀನಿಗೂ, ಸುಮ್ನೆ ಪೂರ್ವಜರಲ್ಲಿ ಇತ್ತು ಅಂತ ಉಳಿದುಬಂದ ಜೀನಿಗೂ ನೋಡಲು ವ್ಯತ್ಯಾಸ ಕಾಣುವುದಿಲ್ಲ.

ಇದಕ್ಕೆ ತುಂಬಾ ಚೆನ್ನಾಗಿ ತಿಳಿದಿರುವ ಉದಾಹರಣೆ ಆರ್ಯವೈಶ್ಯ ಸಮುದಾಯದ್ದು. ದಾವಣಗೆರೆಯ ಅರಿವಳಿಕೆ ಡಾಕ್ಟರುಗಳಿಗೆ ಇದು ಹೊಸ ವಿಷಯವಲ್ಲ. ಆಪರೇಷನ್ ಸಮಯದಲ್ಲಿ ಸ್ನಾಯು ಸಡಿಲ ಮಾಡಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಕರಗಿಸುವ ಕಿಣ್ವ ಇಲ್ಲದವರಿಗೆ ಗಂಟೆಗಟ್ಟಲೆ ಇಳಿಯುವುದಿಲ್ಲ, ಅಷ್ಟು ಹೊತ್ತು ಯಂತ್ರದಿಂದಲೇ ಉಸಿರಾಡಿಸಬೇಕು. ಈ ಕೊರತೆ ಆ ಸಮುದಾಯದಲ್ಲಿ ಉಳಿದವರಿಗಿಂತ ಸುಮಾರು 100 ಪಟ್ಟು ಜಾಸ್ತಿ. ಯಾವ ರೋಗವೂ ಇದನ್ನು ಆರಿಸಿ ಬೆಳೆಸಿದ್ದಕ್ಕೆ ಪುರಾವೆ ಇಲ್ಲ, ಪೂರ್ವಜರು ಕೆಲವೇ ಜನ ಇದ್ದರು ಅಷ್ಟೇ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕುಮಾರಸಾಮಿ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮುಂತಾದವರು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ, 81ರಲ್ಲಿ ಕೆಲವೇ ಪೂರ್ವಜರ ಈ ಪರಿಣಾಮ, ಅದಕ್ಕೆ ಹೆಸರಾದ ಫಿನ್‌ಲ್ಯಾಂಡಿನವರಿಗಿಂತಲೂ, ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತಲೂ ಗಟ್ಟಿಯಾಗಿತ್ತು. ಯಾವುದೋ ಒಂದು ಸಮುದಾಯದ ಕಡೆ ಬೆರಳು ತೋರಿಸಿ ನಗುವ ಹಾಗಿಲ್ಲ, ಪಟ್ಟಿ ಉದ್ದ ಇದೆ.

ಇವೆರಡನ್ನು ಬೇರೆ ಮಾಡುವುದು ಹೇಗೆ? ಪೂರ್ವಜರು ಕಮ್ಮಿ ಇದ್ದರೆ ಅದರ ಪರಿಣಾಮ ಇಡೀ ಜೀನೋಮಿನಲ್ಲಿ ಕಾಣುತ್ತದೆ, ಎಲ್ಲ ಕಡೆಯೂ ಉದ್ದ ಸಾಲುಗಳೇ. ರೋಗ ಆರಿಸಿದ್ದರೆ ಒಂದೇ ಜಾಗ ಎದ್ದು ಕಾಣುತ್ತದೆ. ಹಾಗಾಗಿ ಒಬ್ಬರ ಒಂದು ಜೀನನ್ನು ಅವರದೇ ಉಳಿದ ಜೀನೋಮಿನ ಜೊತೆ ಹೋಲಿಸಬೇಕು. ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ಒಂದೇ ಕೆರೆಯ ಸುತ್ತ, ಒಂದೇ ಸೊಳ್ಳೆ ಕಚ್ಚಿಸಿಕೊಂಡು, ಆದರೆ ಒಬ್ಬರೊಂದಿಗೆ ಒಬ್ಬರು ಮದುವೆ ಮಾಡಿಕೊಳ್ಳದೆ ನಾಲ್ಕಾರು ಸಮುದಾಯಗಳು ತಲೆತಲಾಂತರದಿಂದ ಬದುಕಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಎಲ್ಲ ಸಮುದಾಯಗಳಲ್ಲೂ ಒಂದೇ ಜೀನಿನ ಸುತ್ತ ಗುರುತು ಸಿಕ್ಕರೆ, ಅದನ್ನು ಪೂರ್ವಜರ ತಲೆಗೆ ಕಟ್ಟಲು ಬರುವುದಿಲ್ಲ. ನಮ್ಮ ಮದುವೆ ಪದ್ಧತಿ ಈ ಲೆಕ್ಕವನ್ನು ಕೆಡಿಸುವುದೂ ನಿಜ, ಬೇರೆಲ್ಲೂ ಸಿಗದ ಪರೀಕ್ಷೆಯ ಅವಕಾಶ ಕೊಡುವುದೂ ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಇಂಥ ಹೋಲಿಕೆಗೆ ಇದು ಆರಂಭ.

‘ನಮ್ಮವರ ರಕ್ತ ಗಟ್ಟಿ, ನಮಗೆ ಆ ಜ್ವರ ಬರಲ್ಲ’ ಅನ್ನುವ ಮಾತು ಕೋವಿಡ್ ಕಾಲದಲ್ಲಿ ಕಟ್ಟೆ ಕಟ್ಟೆಯಲ್ಲೂ ಕೇಳುತ್ತಿತ್ತು. ಅದಕ್ಕೆ ಜೀನೋಮಿನ ಹೆಸರು ಹಚ್ಚುವುದು ಬೇಡ. 2020ರಲ್ಲಿ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪ್ಯಾಬೊ, ಕೋವಿಡ್ ತೀವ್ರವಾಗಲು ಕಾರಣವಾಗುವ ಒಂದು ತುಂಡು ಮೂರನೇ ಕ್ರೋಮೋಸೋಮಿನಲ್ಲಿದೆ, ಅದು ಎಂದೋ ಅಳಿದುಹೋದ ನಿಯಾಂಡರ್ತಲ್ ಎಂಬ ಮನುಷ್ಯರಿಂದ ಬಂದದ್ದು ಅಂದರು. ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿ ಅದಿದೆ, ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ. ಪೇಪರು, ಟಿವಿಯಲ್ಲೆಲ್ಲ ಸುದ್ದಿ. ಮರುವರ್ಷ ತಂಗರಾಜ್ ಅವರ ತಂಡ ನಮ್ಮ ದೇಶದ ಅಂಕಿಅಂಶ ಇಟ್ಟು ನೋಡಿದಾಗ, ಇಲ್ಲಿ ಆ ತುಂಡಿನ ಪಾತ್ರ ಅಷ್ಟೇನೂ ಕಾಣಲಿಲ್ಲ. ಯುರೋಪಿನವರನ್ನು ಓದಿ ಬರೆದ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಂತವರ ಶ್ವಾಸಕೋಶಕ್ಕೂ, ಗಾಳಿಯಾಡುವ ಮನೆಯಲ್ಲಿ ಇರುವವರ ಶ್ವಾಸಕೋಶಕ್ಕೂ ಟಿಬಿ ಬಂದಾಗ ಆಗುವ ವ್ಯತ್ಯಾಸಕ್ಕೆ ಜೀನ್ ಹುಡುಕುವ ಮೊದಲು ಹೊಗೆಯನ್ನು ನೋಡಬೇಕು.

ಇನ್ನು ರೋಗಾಣುವಿನ ಜೀನೋಮ್. ನಮ್ಮದು 300 ಕೋಟಿ ಅಕ್ಷರವಾದರೆ ಟಿಬಿ ಬ್ಯಾಕ್ಟೀರಿಯಾದ್ದು ಸುಮಾರು 44 ಲಕ್ಷ, ಕೊರೊನಾ ವೈರಸ್ಸಿನದು 30 ಸಾವಿರದ ಹತ್ತಿರ, ಎಬೋಲಾದ್ದು 19 ಸಾವಿರ. ಚಿಕ್ಕದು, ಬೇಗ ಬದಲಾಗುವಂಥದ್ದು. 2014ರಲ್ಲಿ ಎಬೋಲಾ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿಗೆ ಬಂದಾಗ ಸಬೇಟಿಯವರ ತಂಡ ಅಲ್ಲಿನ ಕೆನೆಮಾ ಆಸ್ಪತ್ರೆಯವರ ಜೊತೆ ಸೇರಿ 78 ರೋಗಿಗಳಿಂದ 99 ವೈರಸ್ ಜೀನೋಮುಗಳನ್ನು ಓದಿತು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ವೈರಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಜೋಡಿಸಿದರೆ ಯಾವ ರೋಗಿಯ ವೈರಸ್ಸು ಯಾರದಕ್ಕೆ ಹತ್ತಿರ ಅಂತ ತಿಳಿಯುತ್ತದೆ. ಎಲ್ಲ ಜೀನೋಮುಗಳೂ ಒಂದೇ ಮೂಲಕ್ಕೆ ಹೋಗಿ ಸೇರಿದವು. ಪ್ರಾಣಿಯಿಂದ ಮನುಷ್ಯರಿಗೆ ಒಂದೇ ಸಲ ದಾಟಿದೆ, ಆಮೇಲೆ ಎಲ್ಲ ಮನುಷ್ಯರಿಂದ ಮನುಷ್ಯರಿಗೆ. ಕಾಡುಪ್ರಾಣಿ ಮಾಂಸ ನಿಲ್ಲಿಸಿದರೆ ಸಾಲದು, ರೋಗಿಯ ಆರೈಕೆ ಮತ್ತು ಶವಸಂಸ್ಕಾರದ ರೀತಿ ಬದಲಾಗಬೇಕು ಅಂತ ಇದರಿಂದ ಖಚಿತವಾಯಿತು. ಆ ನಾಡಿಗೆ ರೋಗ ಹೊಕ್ಕಿದ್ದೇ ನಾಟಿವೈದ್ಯೆಯೊಬ್ಬರ ಅಂತ್ಯಕ್ರಿಯೆಗೆ ಹೋದವರಿಂದ. ಪ್ರಬಂಧ ಅಚ್ಚಾಗುವ ಹೊತ್ತಿಗೆ ಅದರ ಲೇಖಕರಲ್ಲಿ ಐವರು ಎಬೋಲಾದಿಂದಲೇ ತೀರಿಕೊಂಡಿದ್ದರು. ಕೆನೆಮಾದ ಡಾ. ಶೇಖ್ ಹುಮಾರ್ ಖಾನ್ ಅವರಲ್ಲೊಬ್ಬರು.

ಇಷ್ಟು ದೂರ ಹೋಗಬೇಕಿಲ್ಲ. ಎರಡು ವಾರ ಬಿಡದ ಕೆಮ್ಮು ಅಂತ ಜಿಲ್ಲಾ ಆಸ್ಪತ್ರೆಗೆ ಹೋದರೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಫ ತರಲು ಹೇಳುತ್ತಾರೆ. ಉಗುಳು ಬೇಡ, ಎದೆಯೊಳಗಿನಿಂದ ಬಂದ ಕಫವೇ ಬೇಕು ಅಂತ ಎರಡು ಸಲ ಹೇಳುತ್ತಾರೆ. ಅದನ್ನು ಒಂದು ದ್ರಾವಣದಲ್ಲಿ ಕಲಸಿ, ಅಂಗೈಯಲ್ಲಿ ಹಿಡಿಯುವಷ್ಟು ಕಾರ್ಟ್ರಿಡ್ಜಿಗೆ ಹಾಕಿ, ಸಿಬಿನಾಟ್ ಯಂತ್ರದೊಳಗೆ ಇಡುತ್ತಾರೆ. ಸುಮಾರು ಎರಡು ಗಂಟೆಯಲ್ಲಿ ಉತ್ತರ. ಆ ಯಂತ್ರ ಓದುವುದು ಬ್ಯಾಕ್ಟೀರಿಯಾದ ಆರ್‌ಪಿಒಬಿ ಎಂಬ ಜೀನಿನ 81 ಅಕ್ಷರಗಳ ಒಂದು ತುಂಡನ್ನು. ರಿಫಾಂಪಿಸಿನ್ ಮಾತ್ರೆ ಕೆಲಸ ಮಾಡುವುದು ಆ ಜಾಗದ ಮೇಲೆ. ಅಲ್ಲಿ ಒಂದು ಸಿ ಹೋಗಿ ಟಿ ಬಂದರೂ ಸಾಕು, ಮಾತ್ರೆ ನಾಟುವುದಿಲ್ಲ. ರಿಪೋರ್ಟಿನಲ್ಲಿ ರಿಫ್ ರೆಸಿಸ್ಟೆನ್ಸ್ ಡಿಟೆಕ್ಟೆಡ್ ಅಂತ ಬಂದರೆ ಮಾಮೂಲಿ ಆರು ತಿಂಗಳ ಮಾತ್ರೆ ಬಿಟ್ಟು ಬೇರೆ ಔಷಧಿಗಳು ಶುರುವಾಗುತ್ತವೆ.

ಮಾಮೂಲಿ ಮಾತ್ರೆಯಲ್ಲಿ ಐಸೋನಿಯಾಜಿಡ್ ಕೂಡ ಇರುತ್ತದೆ. ಅದನ್ನು ನಮ್ಮ ಮೈ ಎಷ್ಟು ಬೇಗ ಕರಗಿಸುತ್ತದೆ ಅನ್ನುವುದು ನಮ್ಮದೇ ಎನ್‌ಎಟಿ2 ಎಂಬ ಜೀನಿಗೆ ಬಿಟ್ಟದ್ದು. ದಕ್ಷಿಣ ಭಾರತದ ಅರ್ಧಕ್ಕಿಂತ ಜಾಸ್ತಿ ಜನ ನಿಧಾನವಾಗಿ ಕರಗಿಸುವವರು. ಹಾಗಾಗಿ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುವ ಸಂಭವ ಏರುತ್ತದೆ. ರೋಗಾಣುವಿನ ಜೀನ್ ನೋಡಲು ಜಿಲ್ಲಾ ಆಸ್ಪತ್ರೆಯಲ್ಲೇ ಯಂತ್ರ ಇದೆ, ರೋಗಿಯ ಈ ಜೀನನ್ನು ಮಾತ್ರ ಮಾತ್ರೆ ಕೊಡುವ ಮುಂಚೆ ನೋಡುವ ರೂಢಿ ಇಲ್ಲ. ಆ ರೂಢಿ ಬರುವವರೆಗೆ ಇರುವುದು ಹಳೇ ದಾರಿಯೇ. ಟಿಬಿ ಮಾತ್ರೆ ತಗೊಳ್ಳುವಾಗ ಊಟ ಸೇರದೆ ಹೋದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಮುಂದಿನ ತಿಂಗಳ ಮಾತ್ರೆ ಕವರು ತರುವ ದಿನದವರೆಗೆ ಕಾಯದೆ ಅವತ್ತೇ ಹೋಗಿ ಡಾಕ್ಟರಿಗೆ ತೋರಿಸಬೇಕು. ಅವರು ಲಿವರ್ ಟೆಸ್ಟ್ ಮಾಡಿಸಿ, ಬೇಕಿದ್ದರೆ ಮಾತ್ರೆಗಳನ್ನು ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ.